ಸೇತುವೆ ತನಕ ಇಷ್ಟವಾಗಿದ್ದವನು

ಊರಿನಲ್ಲಿ ಇನ್ನೂ ಕುದುರೆಗಾಡಿಗಳೇ ಓಡುತ್ತಿದ್ದ ಕಾಲ. ಇಸ್ತ್ರಿ ಅಂಗಡಿಯ ಗಿಲಕಿಯನ್ನು ಗಡಿಯಾರ ರಿಪೇರಿಯವನು ಹಾಡಹಗಲೇ ಕತ್ತರಿಯಿಂದ ಇರಿದು ಕೊಂದ. ಮದುವೆಯಾಗು ಅಂದಿದ್ದ, ಅವಳು ಒಲ್ಲೆ ಅಂದಿದ್ದಳು. ಅಷ್ಟೇ ಕಾರಣ.

ಗಿಲಕಿ ಅಂತ ಹೆಸರಿಟ್ಟದ್ದು ಅವಳ ಅಕ್ಕನೇ. ತಂಗಿಯ ಬಾಯಿ ಮುಚ್ಚುತ್ತಿದ್ದದ್ದು ನಿದ್ದೆಯಲ್ಲಿ ಮಾತ್ರ. ಅಕ್ಕತಂಗಿಯರಿಬ್ಬರೂ ಒಂದೇ ಮೇಜಿನ ಎದುರುಬದುರು ನಿಂತು ಕೆಂಡದ ಇಸ್ತ್ರಿಪೆಟ್ಟಿಗೆ ಆಡಿಸುತ್ತಿದ್ದರು. ಯಾವ ಅಂಗಿ ಯಾರದೆಂದು ತಿಳಿಯಲು ಕಾಲರಿನ ಒಳಗೆ ಕೆಂಪು ನೂಲಿನಲ್ಲಿ ಗುರುತು ಹೊಲಿಯುವುದು ಆ ಅಂಗಡಿಯ ಪದ್ಧತಿ. ಅಂಗಡಿಯ ಉಳಿದ ಕೆಲಸದವರು ಗೀಟು, ಚುಕ್ಕೆ ಹಾಕಿ ಮುಗಿಸುತ್ತಿದ್ದರು. ಗಿಲಕಿ ಮಾತ್ರ ಮಾಂಸದಂಗಡಿಯವನಿಗೆ ಮೀಸೆ ಹೊಲಿದಳು, ಮೇಷ್ಟ್ರಿಗೆ ಕೊಡೆ, ಗಡಿಯಾರದವನಿಗೆ ಹಕ್ಕಿ. ಆ ಹಕ್ಕಿ ತನಗಾಗಿಯೇ ಹಾರಿ ಬಂದಿದೆ ಎಂದುಕೊಂಡ ಆ ಮಂಕ.

ವಿಚಾರಣೆಯ ಬೆಳಿಗ್ಗೆ ಸರ್ಕಾರಿ ವಕೀಲರು ಅಕ್ಕನನ್ನು ಕೋರ್ಟಿನ ವರಾಂಡದ ಮೂಲೆಗೆ ಕರೆದರು.

"ನೋಡಮ್ಮ, ಹಕ್ಕಿ ಹೊಲಿದಿದ್ದು ನಾನು ಅಂದುಬಿಡು. ನನ್ನ ತಂಗಿ ತಲೆ ಎತ್ತಿ ಗಂಡಸರನ್ನ ನೋಡಿದವಳೇ ಅಲ್ಲ ಅನ್ನು. ಅವನಿಗೆ ಗಲ್ಲು ಖಾತ್ರಿ."

"ಅವಳು ಎಲ್ಲರ ಹತ್ರಾನೂ ನಗ್ತಿದ್ದಳು ಸ್ವಾಮಿ."

"ಅದನ್ನ ಯಾರು ಕೇಳಿದ್ರು? ಹಾಗಂದ್ರೆ ಹುಡುಗೀನೇ ಆಸೆ ಹುಟ್ಟಿಸಿದ್ಳು ಅಂತಾರೆ. ಗಲ್ಲು ತಪ್ಪುತ್ತೆ."

ಅಕ್ಕನಿಗೆ ಮೈಯೆಲ್ಲ ಉರಿಯಿತು. ಅವನು ನೇಣಿಗೇರುವುದನ್ನು ಕಣ್ಣಾರೆ ಕಾಣಬೇಕೆಂದು ಹಲ್ಲು ಕಚ್ಚಿ ಕಾದವಳು ಅವಳು. ಆದರೆ ಅದಕ್ಕಾಗಿ ಗಿಲಕಿಯನ್ನು ಮೂಗಿ ಮಾಡಬೇಕಂತೆ.

ಕಟಕಟೆಯ ಮುಂದೆ ಎದುರಾಳಿ ವಕೀಲರು ಗಡಿಯಾರದವನ ಅಂಗಿಯ ಕಾಲರು ಮಗುಚಿ ಹಿಡಿದರು.

"ಈ ಹಕ್ಕಿ ಹೊಲಿದವರು ಯಾರು?"

"ನನ್ನ ತಂಗಿ."

"ಪ್ರೀತಿಯಿಂದ?"

"ಕೆಂಪು ನೂಲಿಂದ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಕೀಲರ ಕಿವಿ ಕೆಂಪಾಯಿತು.

"ಒಂದು ಸಂಜೆ ಅವಳು ಇವನ ಜೊತೆ ಸೇತುವೆ ತನಕ ನಡೆದುಕೊಂಡು ಹೋಗಿದ್ದಳು. ಹೌದೋ, ಅಲ್ಲವೋ?"

ಆ ಸಂಜೆ ಅವರನ್ನು ಕಂಡವರಿರಲಿಲ್ಲ. ಗಿಲಕಿ ಬಂದು ಹೇಳಿದ್ದು ಅಕ್ಕನಿಗೊಬ್ಬಳಿಗೇ. ಅಲ್ಲ ಅಂದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸರ್ಕಾರಿ ವಕೀಲರು ಕಣ್ಣಲ್ಲೇ ಬೇಡುತ್ತಿದ್ದರು.

"ಹೌದು, ಹೋಗಿದ್ದಳು," ಎಂದಳು.

ಕೋರ್ಟಿನಲ್ಲಿ ಗುಸುಗುಸು ಎದ್ದಿತು.

"ಅಂದರೆ ಇವನು ಅವಳಿಗೆ ಇಷ್ಟ ಆಗಿದ್ದ."

"ಆಗಿದ್ದ. ಸೇತುವೆ ತನಕ ಇಷ್ಟ ಆಗಿದ್ದ. ವಾಪಸು ಬರೋವಾಗ ಆಗಲಿಲ್ಲ. ದಾರಿಯುದ್ದಕ್ಕೂ ತನ್ನ ಬಗ್ಗೇನೇ ಕೊರೆದನಂತೆ. ಸಾಕಪ್ಪಾ ಸಾಕು ಅನ್ನಿಸ್ತು ಅಂದಳು."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ," ಎಂದರು ನ್ಯಾಯಾಧೀಶರು.

"ಅವಳು ಸೇತುವೆಗೆ ಹೋಗಿದ್ದು ಬೇಕಾಯ್ತು, ಬೇಡ ಅಂದಿದ್ದು ಬೇಡವಾಯ್ತಾ ಬುದ್ಧಿ? ಎರಡೂ ಅವಳದೇ ಮಾತು. ಬರಕೊಂಡರೆ ಎರಡನ್ನೂ ಬರಕೊಳ್ಳಿ. ಅವಳು ನಗ್ತಿದ್ದಳು, ತಮಾಷೆ ಮಾಡ್ತಿದ್ದಳು, ಮನಸ್ಸು ಬಂದರೆ ಸಂಜೆ ತಿರುಗಾಡೋಕೂ ಹೋಗ್ತಿದ್ದಳು. ಒಲ್ಲೆ ಅನ್ನೋಕೆ ಇವನ ಅಪ್ಪಣೆ ಬೇಕಿರಲಿಲ್ಲ."

ಇಳಿಯಿರಿ ಅನ್ನುವವರೆಗೂ ಕಟಕಟೆಯ ಕಂಬಿ ಬಿಡದೆ ನಿಂತೇ ಇದ್ದಳು.

ಅವನಿಗೆ ಗಲ್ಲು ಆಗಲಿಲ್ಲ. ಹುಡುಗಿಯ ಸಲಿಗೆಯಿಂದ ಮನಸ್ಸು ಕೆಟ್ಟಿತ್ತು ಎಂದು ಸೆರೆವಾಸ ಕೊಟ್ಟರು. ಅವಳು ಒಲ್ಲೆ ಅಂದದ್ದು ಸ್ಪಷ್ಟವಾಗಿ ಸಾಬೀತಾಗಿದೆ ಎಂದೂ ಅದೇ ತೀರ್ಪಿನಲ್ಲಿ ಓದಿದರು.

"ನಿನ್ನ ಬಾಯಿಂದಲೇ ಅವನು ಬದುಕಿದ," ಎಂದು ಸರ್ಕಾರಿ ವಕೀಲರು ಗೊಣಗಿದರು.

"ಆ ತೀರ್ಪು ಬರೆದಿದ್ದು ನಾನಲ್ಲ. ಸತ್ತವಳನ್ನ ಇನ್ಯಾರನ್ನೋ ಆಗಿಸಿ ಗೆಲ್ಲೋದು ನನಗೆ ಬೇಕಿರಲಿಲ್ಲ."

ಮೆಟ್ಟಿಲ ಮೇಲೆ ಗಡಿಯಾರದವನ ತಾಯಿ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ನನ್ನ ಮಗನ ಜೀವ ಉಳಿಸಿದೆಯಲ್ಲ ತಾಯಿ. ನಿನ್ನ ಹೊಟ್ಟೆ ತಣ್ಣಗಿರಲಿ."

ಅಕ್ಕ ಕೈ ಕಿತ್ತುಕೊಂಡಳು. ಮಾತು ಬೀದಿಗೆ ಕೇಳಿಸುವಷ್ಟು ಜೋರಾಗಿಯೇ ಬಂತು.

"ನಿಮ್ಮ ಮಗನಿಗೋಸ್ಕರ ನಾನು ಒಂದಕ್ಷರವೂ ಆಡಿಲ್ಲಮ್ಮ. ಜೈಲಿಗೆ ನೋಡೋಕೆ ಹೋಗ್ತೀರಲ್ಲ, ಪ್ರತಿಸಲ ಹೋದಾಗಲೂ ಅವನಿಗೆ ಹೇಳಿ, ಅವಳು ನಿನ್ನನ್ನ ಒಲ್ಲೆ ಅಂದಿದ್ದಳು ಅಂತ."