ಚಿಲಕ ಹಾಕದ ಬಾಗಿಲು

ಕೊಲೆಯ ಸಿನಿಮಾ ಮಾಡ್ತೀನಿ ಅಂತ ತಮ್ಮ ಹೇಳಿದಾಗ ಅಮ್ಮ ಬಿದ್ದು ಬಿದ್ದು ನಕ್ಕಳು. "ಇಂಜೆಕ್ಷನ್ ಸೂಜಿ ಕಂಡ್ರೆ ಕಣ್ಣು ಮುಚ್ಕೊಳ್ಳೋನು ನೀನು!"

ಆದರೂ ಅವನೂ ನಾನೂ ಟೊಂಕ ಕಟ್ಟಿ ನಿಂತೆವು. ಅವನ ಬೆನ್ನಿಗೆ ನಿರ್ಮಾಪಕರು ಯಾರೂ ಇರಲಿಲ್ಲ. ನನ್ನ ಟೈಲರಿಂಗ್ ಅಂಗಡಿಯ ಮೇಲಿನ ಕೋಣೆಯೇ ಸೆಟ್ಟು. ಕಿಟಕಿಗೆ ಕಪ್ಪು ಲೈನಿಂಗ್ ಬಟ್ಟೆ ಬಡಿದು ಅವನ ಗೆಳೆಯರು ಹಗಲನ್ನೇ ರಾತ್ರಿ ಮಾಡಿದರು. ನಾಯಕಿಯ ಒಂದೇ ಉಡುಪನ್ನು ನಾನು ಮೂರು ಸಲ ಹೊಲಿದೆ: ಚೊಕ್ಕದ್ದು, ಹರಿದದ್ದು, ರಕ್ತ ಮೆತ್ತಿದ್ದು. ಕಥೆ ಏನೋ ಅಂದರೆ, "ತೆರೆ ಮೇಲೆ ನೋಡಕ್ಕಾ" ಅನ್ನುತ್ತಿದ್ದ. ಕ್ಯಾಮೆರಾ ಓಡುವಾಗ ನನ್ನನ್ನು ಮೇಲಕ್ಕೇ ಬಿಡುತ್ತಿರಲಿಲ್ಲ.

ಮೊದಲ ಪ್ರದರ್ಶನಕ್ಕೆ ಅಮ್ಮನ ಪಕ್ಕ ಕೂತೆ. ಸಿನಿಮಾದಲ್ಲಿ ಗಂಡ ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಹೊರಗೆ ಕುರ್ಚಿ ಹಾಕಿಕೊಂಡು ನಿಧಾನಕ್ಕೆ ಕಿತ್ತಳೆ ಸುಲಿಯುತ್ತಾ ಕೇಳುತ್ತಾನೆ, "ಬಾಯಾರಿಕೆನಾ, ರಾಣಿ?"

ಆ ಕುರ್ಚಿ, ಆ ಕಿತ್ತಳೆ, ಆ ರಾಣಿ, ಎಲ್ಲ ನನ್ನ ಬಾಳಿನದು. ಗಂಡನ ಮನೆ ಬಿಟ್ಟು ಬಂದ ವರ್ಷ ತಮ್ಮನೊಬ್ಬನ ಹತ್ತಿರ ಹೇಳಿಕೊಂಡಿದ್ದೆ. ಅಮ್ಮನಿಗೂ ಹೇಳಿರಲಿಲ್ಲ. "ನಿನ್ನಾಣೆ, ಯಾರ ಮುಂದೂ ಬಾಯಿ ಬಿಡಲ್ಲ" ಅಂದಿದ್ದ. ಸಿನಿಮಾದ ಕೊನೆಗೆ ಅವಳು ಗಂಡನನ್ನು ಕೊಲ್ಲುತ್ತಾಳೆ. ಅದೊಂದೇ ಅವನ ಕಲ್ಪನೆ.

"ಪಾಪ, ಯಾರ ಹೆತ್ತ ಮಗಳೋ" ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಹೆಸರಾಂತ ವಿಮರ್ಶಕರೊಬ್ಬರು ಮಾತ್ರ ಒಂದು ಕೊಂಕು ತೆಗೆದರು: 'ಗಂಡ ಚಿಲಕ ಹಾಕದೆ ಹೋದ ಮಧ್ಯಾಹ್ನ ಅವಳು ಹೊರಗೆ ಬರದೆ ಕೂತೇ ಇರುವುದನ್ನು ನಂಬಲಾಗದು. ಚಿತ್ರಕಥೆ ಇಲ್ಲಿ ಎಡವಿದೆ.'

ಮರುದಿನ ತಮ್ಮ ಅಂಗಡಿಗೆ ಬಂದ. ಮುಖ ಅರಳಿತ್ತು. "ಅಕ್ಕಾ, ದೊಡ್ಡ ಥಿಯೇಟರ್‌ಗಳು ಸಿಕ್ಕಿದ್ವು!"

"ನನ್ನನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನೋ?"

"ನಿನ್ನ ಹೆಸರೆಲ್ಲಿ ಹಾಕಿದೀನಿ? ನಿನ್ನ ನೋವು ನಾಲ್ಕು ಜನಕ್ಕೆ ಮುಟ್ಲಿ ಅಂತ ಅಷ್ಟೇ." ಆಮೇಲೆ ಸಮಾಧಾನ ಮಾಡುವವನ ಹಾಗೆ ಅಂದ, "ಆ ಬಾಗಿಲಿನ ಸೀನ್ ಕಿತ್ತು ಹಾಕ್ತಿದೀನಿ ಬಿಡು. ಯಾರೂ ನಂಬ್ತಿಲ್ಲ."

ತುಳಿಯುತ್ತಿದ್ದ ಮಿಷನ್ ನಿಲ್ಲಿಸಿದೆ. "ನೀನು ನಂಬಿದ್ಯಾ? ಅವತ್ತು, ನಾನು ಹೇಳಿದಾಗ?"

ಅವನು ದಾರದ ಉಂಡೆಯೊಂದನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. "ನಿಜ ಹೇಳ್ಲಾ ಅಕ್ಕಾ? ಅವತ್ತೂ ಅನ್ನಿಸಿತ್ತು, ಎದ್ದು ಬರಬಹುದಿತ್ತಲ್ಲಾ ಅಂತ."

ಕದ್ದದ್ದನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೇನೋ. ಇದು ಆಗಲಿಲ್ಲ. ಆ ಮಧ್ಯಾಹ್ನಕ್ಕೂ ಮುಂಚೆ ಒಮ್ಮೆ, ಗಂಡ ಹಾಗೇ ತೆರೆದಿಟ್ಟ ಬಾಗಿಲಿನಿಂದ ನಾನು ಹೊರಗೆ ಕಾಲಿಟ್ಟಿದ್ದೆ. ಅದಕ್ಕೆ ಗಂಡ ಏನು ಮಾಡಿದ ಅಂತ ತಮ್ಮನಿಗೆ ಹೇಳಿರಲಿಲ್ಲ. ಈಗ ಹೇಳುವ ಮನಸ್ಸೂ ಉಳಿಯಲಿಲ್ಲ.

"ಮೇಲಿನ ಕೋಣೆ ಖಾಲಿ ಮಾಡು" ಅಂದೆ.

ಆ ದೃಶ್ಯವಿಲ್ಲದೆಯೇ ಸಿನಿಮಾ ಊರೂರಿಗೆ ಹೋಯಿತು. ಈಗ ಎಲ್ಲೂ ಸಡಿಲವಿಲ್ಲ ಎಂದು ಅದೇ ವಿಮರ್ಶಕರು ಬೆನ್ನು ತಟ್ಟಿದರು. ತಮ್ಮನ ಫೋನ್ ನಾನು ಎತ್ತಲಿಲ್ಲ.

"ಒಡಹುಟ್ಟಿದವನ ಮೇಲೆ ಇಷ್ಟು ಮುನಿಸಾ?" ಎಂದು ಅಮ್ಮ ದಿನಾ ಗೊಣಗುತ್ತಿದ್ದಳು. ಒಂದು ಸಂಜೆ ತಡೆಯಲಾರದೆ ಹೇಳಲು ಶುರುಮಾಡಿದೆ. ಕುರ್ಚಿ, ಕಿತ್ತಳೆ ಅನ್ನುತ್ತಿದ್ದ ಹಾಗೆ ಅಮ್ಮ ತಡೆದಳು.

"ಅದು ಸಿನಿಮಾದ ಕಥೆ ಅಲ್ವೇನೇ?"

"ಅಲ್ಲಮ್ಮ. ನಂದು. ಸಿನಿಮಾದಲ್ಲಿ ಇಲ್ಲದ್ದೂ ಇದೆ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಒಲೆ ಆರಿಸಿ ಬಂದು, ನನ್ನ ಕೈ ಹಿಡಿದುಕೊಂಡು ಕೂತಳು.