ಎಲ್ಲರ ಫೋನಿನಲ್ಲೂ ಅಪ್ಪ

ಮಾವ ತೀರಿಕೊಂಡಾಗಿನಿಂದ ಅವರ ಎಡೆಗೆ ಮೀನಿನ ತುಂಡು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾ ಬಂದಿದ್ದೇನೆ. ಸಾಕಾಗಿತ್ತು. ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಹಿರಿಸೊಸೆ ಆಫೀಸಿಗೆ ರಜೆ ಹಾಕಿ, ಒಲೆಯ ಮುಂದೆ ನಿಂತು ಕಾಲು ಊದಿಸಿಕೊಳ್ಳುವುದು ಕೊರಿಯಾದ ಈ ದೇಜಾನ್ ಊರಿನ ಎಷ್ಟೋ ಮನೆಗಳಲ್ಲಿ ಈಗ ನಿಂತುಹೋಗಿದೆ. ನಮ್ಮಲ್ಲಿ ನಿಂತಿರಲಿಲ್ಲ.

ಹೋದ ವರ್ಷ ಅತ್ತೆಯೇ ಮಾತು ಕೊಟ್ಟರು. "ಮೂರು ಮಕ್ಕಳೂ ಒಂದೇ ದಿನ ಸೇರಿ ನಿಮ್ಮಪ್ಪನಿಗೆ ಅಡ್ಡಬೀಳಿ. ಒಂದೇ ಒಂದ್ಸಲ. ಆಮೇಲೆ ಎಡೆ ಇಡೋದು ನಿಲ್ಲಿಸ್ಬಿಡೋಣ. ಪಾಪ, ಇವಳಿಗೂ ಸಾಕಾಗಿದೆ."

ಒಂದೇ ದಿನ ಸೇರುವುದೇ ನಮ್ಮಲ್ಲಿ ಆಗದ ಕೆಲಸ. ತಿಥಿ ಚಾಂದ್ರಮಾನದ್ದು, ವರ್ಷವರ್ಷವೂ ತಾರೀಖು ಜಾರುತ್ತದೆ. ನನ್ನ ಗಂಡ ಸಾಂಗ್‌ಮೊಕ್, ನಾದಿನಿ ಯೊನ್‌ಸಿಮ್, ಮೈದುನ ಗಿರ್ಯೊಂಗ್, ಮೂವರದೂ ಬೇರೆಬೇರೆ ಕಂಪನಿಯ ಫೋನು. ಒಬ್ಬರಿಗೆ ನೆನಪಾದರೆ ಇನ್ನೊಬ್ಬರಿಗಿಲ್ಲ.

ಬೇರೆಬೇರೆ ಫೋನುಗಳ ಕ್ಯಾಲೆಂಡರುಗಳು ಒಂದೇ ಭಾಷೆ ಆಡುವಂತೆ ಮಾಡುವುದೇ ನನ್ನ ಹೊಟ್ಟೆಪಾಡು. ಅದಕ್ಕೆ ಎಲ್ಲರಿಗೂ ತೆರೆದಿಟ್ಟ ನಿಯಮಗಳಿವೆ, ಯಾರಪ್ಪನ ಸ್ವತ್ತೂ ಅಲ್ಲ. ಚಾಂದ್ರಮಾನಕ್ಕೂ ನಿಯಮ ಬರೆದಿಟ್ಟಿದ್ದಾರೆ, ಆದರೆ ಹೆಚ್ಚಿನ ಫೋನುಗಳು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಮುಂದಿನ ವರ್ಷಗಳ ತಾರೀಖುಗಳನ್ನು ನಾನೇ ಲೆಕ್ಕಹಾಕಿ, ಸರಣಿ ಮಾಡಿ, 'ಅಪ್ಪ' ಎಂದು ಹೆಸರಿಟ್ಟು ಎಲ್ಲರ ಫೋನಿಗೂ ಹಂಚಿದೆ.

"ಅವರಿಬ್ರಿಗೂ ತಿದ್ದೋ ಹಕ್ಕು ಕೊಡು ಮಾರಾಯ್ತಿ, ಇಲ್ದಿದ್ರೆ ಮೂತಿ ಉಬ್ಬಿಸ್ತಾರೆ," ಎಂದ ಗಂಡ. ಕೊಟ್ಟೆ.

ಈ ವರ್ಷ ಫೋನು 'ನಾಳೆ ಅಪ್ಪ' ಎಂದು ಎಚ್ಚರಿಸಿತು. ಮೀನು ತಂದೆ. ಮರುದಿನ ಸಂಜೆ ಮೂವರೂ ನಮ್ಮ ಮನೆಯಲ್ಲಿದ್ದರು! ನನಗೆ ಕುಣಿಯುವಷ್ಟು ಸಂತೋಷ, ಊದಿದ ಕಾಲು ಏಳಲಿಲ್ಲ ಅಷ್ಟೆ. ಅತ್ತೆಯೊಬ್ಬರೇ ಬಂದಿರಲಿಲ್ಲ. ಅವರ ಮನೆಗೆ ಫೋನು ಮಾಡಿದೆ.

"ಎಡೆ ನಾಡಿದ್ದಲ್ವೇನೇ?" ಎಂದರು. "ನನ್ನ ಗೋಡೆ ಕ್ಯಾಲೆಂಡರಿಗೇನೂ ಅರಳುಮರಳಾಗಿಲ್ಲ."

ನಮ್ಮಲ್ಲಿ ತೀರಿಕೊಂಡ ದಿನವಲ್ಲ, ಅದರ ಹಿಂದಿನ ಸಂಜೆ ಎಡೆ. ನಾನು ಫೋನಿಗೆ ಹಾಕಿದ್ದು ಆ ಸಂಜೆಯನ್ನೇ.

ಗಿರ್ಯೊಂಗ್ ತಲೆ ಕೆರೆದುಕೊಂಡ. "ಅತ್ತಿಗೆ, ನೀವು ಅಪ್ಪ ತೀರಿಕೊಂಡ ದಿನ ಹಾಕಿದೀರ ಅಂದ್ಕೊಂಡು ನಾನು ಒಂದಿನ ಹಿಂದಕ್ಕೆ ತಳ್ಳಿದ್ದೆ."

"ಅಯ್ಯೋ," ಎಂದಳು ಯೊನ್‌ಸಿಮ್. "ನಾನೂ ಹಾಗೇ ಅಂದ್ಕೊಂಡು ತಳ್ಳಿದೆ ಕಣೋ."

"ಇಬ್ರೂ ಸೇರಿ ಅಪ್ಪನ್ನ ಎರಡು ದಿನ ಮೊದಲೇ ಸಾಯ್ಸಿದ್ರಲ್ಲೋ!" ಎಂದ ನನ್ನ ಗಂಡ.

ನಾನು ಕಟ್ಟಿದ ವ್ಯವಸ್ಥೆ ತನ್ನ ಕೆಲಸ ಚೊಕ್ಕವಾಗಿ ಮಾಡಿತ್ತು. ತಪ್ಪನ್ನು ಒಂದಿಷ್ಟೂ ಕೆಡದಂತೆ ಎಲ್ಲರಿಗೂ ಮುಟ್ಟಿಸಿತ್ತು.

"ನಾಡಿದ್ದು ಬರೋಕಾಗಲ್ಲ ಅತ್ತಿಗೆ," ಎಂದ ಗಿರ್ಯೊಂಗ್. "ನಾಳೆಯಿಂದ ಪೋಹಾಂಗ್‌ನ ಉಕ್ಕಿನ ಕಾರ್ಖಾನೇಲಿ ಕುಲುಮೆ ಪಾಳಿ." ನನಗೆ ಅಳು ಬಂತು, ಮಾವನಿಗಾಗಿ ಅಲ್ಲ. ಮುಂದಿನ ವರ್ಷದ ಮೀನು ಈಗಲೇ ಕಣ್ಣ ಮುಂದೆ ಬಂದಿತ್ತು.

ಅಷ್ಟರಲ್ಲಿ ಅತ್ತೆ ಟ್ಯಾಕ್ಸಿ ಹಿಡಿದು ಬಂದೇಬಿಟ್ಟರು. ಎಡೆಯ ಮೇಜು ನೋಡಿದರು. ಒಂದೇ ಸಾಲಿನಲ್ಲಿ ಕುಳಿತ ಮಕ್ಕಳನ್ನು ನೋಡಿದರು.

"ನಿಮ್ಮಪ್ಪ ಯಾವ ಬಸ್ಸಿಗೆ ಹೊತ್ತಿಗೆ ಸರಿಯಾಗಿ ಹೋಗಿದ್ರು ಹೇಳಿ," ಎಂದರು. "ಮೊದಲೇ ಹೋಗಿ ಬಸ್‌ಸ್ಟ್ಯಾಂಡಲ್ಲಿ ಕೂತಿರ್ತಿದ್ರು. ಈಗಲೂ ಬಂದು ಹೊರಗೆ ನಿಂತಿರ್ತಾರೆ. ಬಾಗಿಲು ತೆಗಿಯೇ, ಅನ್ನ ಆರ್ತಿದೆ."

ಬಾಗಿಲು ತೆಗೆದೆ. ಮೂವರೂ ಒಟ್ಟಿಗೆ ಅಡ್ಡಬಿದ್ದರು. ಅತ್ತೆ ಸಾರಾಯಿಯ ಬಟ್ಟಲು ತುಂಬಿಸಿಟ್ಟರು.

ಊಟವಾದ ಮೇಲೆ ನನ್ನ ಕಡೆ ತಿರುಗಿ, "ಕೊಟ್ಟ ಮಾತು ತಪ್ಪಲ್ಲ. ಫೋನಿಂದ ತೆಗೆದು ಹಾಕು," ಎಂದರು.

ಫೋನು ತೆಗೆದೆ. ಅದು ಕೇಳಿತು: ಇದೊಂದನ್ನೇ ಅಳಿಸಬೇಕೇ, ಮುಂದಿನವೆಲ್ಲವನ್ನೂ ಅಳಿಸಬೇಕೇ? ಎಷ್ಟೋ ವರ್ಷದಿಂದ ಕಾದಿದ್ದ ಪ್ರಶ್ನೆ ಅದು. ಆದರೂ ಬೆರಳು ಬೇಗ ಏಳಲಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದರು. 'ಎಲ್ಲವನ್ನೂ' ಎಂದು ಒತ್ತಿದೆ.

ಒಂದರ ಹಿಂದೊಂದು ಮೂರು ಫೋನುಗಳು ಸದ್ದು ಮಾಡಿದವು. ಗಿರ್ಯೊಂಗ್ ತನ್ನದನ್ನು ನೋಡಿ, ಮೇಲೆ ಕೆಳಗೆ ಸರಿಸಿ, ಮತ್ತೆ ನೋಡಿದ.

"ಅತ್ತಿಗೆ," ಎಂದ, "ಅಪ್ಪ ಹೋಗ್ಬಿಟ್ರು."

ಯಾರೂ ನಗಲಿಲ್ಲ. ಹೊರಗಿನಿಂದ ಚಳಿ ಬರುತ್ತಿತ್ತು. ಬಾಗಿಲು ಹಾಕೋಣವೆಂದು ಎದ್ದೆ.

"ಇರ್ಲಿ ಬಿಡೇ," ಎಂದರು ಅತ್ತೆ. "ಇನ್ನೊಂಚೂರು ಹೊತ್ತು ತೆಗೆದೇ ಇರ್ಲಿ."