ಹೊಂಡದ ಕೌದಿ

ಕಚ್. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ, ಕಚ್. ಮಲಗಿದ್ದ ಗಂಡ ಯಲ್ಲೇಶನ ಪಕ್ಕದಲ್ಲಿ ಲಲಿತಾ ಎದ್ದು ಕೂತಳು. ಬೆಳಗಾದರೆ ಬಳ್ಳಾರಿ ಕೋರ್ಟಿಗೆ ಒಯ್ಯಬೇಕಾದ ಹಳೇ ಕೌದಿ ಪಡಸಾಲೆಯ ಟ್ರಂಕಿನಲ್ಲಿತ್ತು. ಇಲಿ ಹೊಕ್ಕಿದ್ದರೆ? ದಿಗಿಲಿನಲ್ಲಿ ಓಡಿದಳು.

ಟ್ರಂಕು ತೆರೆದಿತ್ತು. ಬಲ್ಬಿನ ಕೆಳಗೆ ಅತ್ತೆ ಜಂಬವ್ವ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಕತ್ತರಿಯಿಂದ ದಾರ ಕಡಿಯುತ್ತಿದ್ದಳು.

"ಏನ್ ಮಾಡಾಕತ್ತೀರಿ ಅತ್ತೀ?"

"ಒದರಬ್ಯಾಡ, ಯಲ್ಲೇಶ ಎದ್ದಾನು. ಮುಗೀತು ನೋಡು. ವಕೀಲ ಎಲ್ಲಾರ ಮುಂದ ಹರವಿ ತೋರಸ್ತೀನಿ ಅಂದನಲ್ಲ? ಇಂಥಾ ಹರಕು ಕೌದಿ ಕಂಡ್ರ, ಪಾಪಿನಾಯಕನಹಳ್ಳಿ ಹೆಂಗಸ್ರಿಗೆ ಸೂಜಿ ಹಿಡ್ಯಾಕ ಬರಂಗಿಲ್ಲ ಅಂತಾರ."

ನಾಲ್ಕೂ ಕಡೆಯಿಂದ ಮೆಟ್ಟಿಲಿಳಿದಂತೆ ಕಿರಿದಾಗುತ್ತ ನಡುವೆ ಸೇರುವ ಚೌಕಗಳು, ಹಂಪಿಯ ಹೊಂಡದ ಹಾಗೆ. ಅತ್ತೆಯ ಈ ಮಾದರಿಯನ್ನೇ ಲಲಿತಾ ಊರಿನ ಹೆಂಗಸರಿಂದ ಹೊಲಿಸಿ ಹಂಪಿಯ ಅಂಗಡಿಗಳಿಗೆ ಕೊಡುತ್ತಿದ್ದಳು. ಎಲ್ಲಿಯದೋ ಒಂದು ಬೆಡ್‌ಶೀಟ್ ಕಂಪನಿ ಅದೇ ವಿನ್ಯಾಸವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡು, ಕದ್ದವಳು ಇವಳೇ ಎಂದು ದಾವೆ ಹೂಡಿತ್ತು. ಫೋನಿನಲ್ಲಿದ್ದ ಹಳೇ ಫೋಟೋ ತೋರಿಸಿದರೆ, ಇಂಥವನ್ನು ಈಗ ಕಂಪ್ಯೂಟರೇ ತಾರೀಕು ಸಮೇತ ಮಾಡಿಕೊಡುತ್ತದೆ ಎಂದು ಅವರ ವಕೀಲರು ನಕ್ಕರು. ಹೆಂಗಸರ ಸಾಕ್ಷಿ ಅಂದರೆ, ಅವರೆಲ್ಲ ಇವಳ ಕಡೆಯವರೇ ಎಂದರು. ವಾಯಿದೆ ಮೇಲೆ ವಾಯಿದೆ.

ಆಸೆ ಹುಟ್ಟಿಸಿದ್ದು ಈ ಕೌದಿಯೊಂದೇ. ಅವಳ ವಕೀಲ, ಹೊಸಪೇಟೆಯ ಭರಮಣ್ಣ ಮನೆಗೇ ಬಂದು, ನಡುವಿನ ಖಾಕಿ ತುಂಡನ್ನು ಸವರಿ ನೋಡಿದ್ದರು. ಮಾವ ಹಂಪಯ್ಯ ಯಶವಂತನಗರದ ಗಣಿಯಲ್ಲಿ ತೊಡುತ್ತಿದ್ದ ಅಂಗಿಯದು; ಗಣಿಯ ಮುದ್ರೆ ಇನ್ನೂ ಓದಲು ಬರುತ್ತಿತ್ತು. ಆ ಗಣಿ ಮುಚ್ಚಿದಾಗ ಬೆಡ್‌ಶೀಟ್ ಕಂಪನಿ ಹುಟ್ಟಿಯೇ ಇರಲಿಲ್ಲ.

ಈಗ ಆ ಜಾಗದಲ್ಲಿ ಹೊಚ್ಚಹೊಸ ಕೆಂಪು ಸೀರೆಯ ತುಂಡಿತ್ತು.

"ಖಾಕಿ ಎಲ್ಲಿ ಅತ್ತೀ?"

"ಮುಟ್ಟಿದ್ರ ಪಿಸೀತಿತ್ತು. ಸಂಜೀಕ ನೀ ಅಂಗಡಿಗೆ ಹೋದಾಗ ನೀರೊಲಿಗೆ ಹಾಕಿದೆ."

ಲಲಿತಾ ಬಚ್ಚಲಿಗೆ ಹೋಗಿ ಬೂದಿಯಲ್ಲಿ ಕೈಯಾಡಿಸಿದಳು. ಕಿರುಚಬೇಕೆನಿಸಿತು. ಮರಳಿ ಬಂದಾಗ ಜಂಬವ್ವ ಜೋಳದ ರೊಟ್ಟಿಯ ಚೂರೊಂದನ್ನು ಕೊನೆಯ ಮೂಲೆಯೊಳಗೆ ತುರುಕುತ್ತಿದ್ದಳು.

"ಹಸಗೊಂಡು ಮನಿ ದಾಟಬಾರ್ದು ಕೌದಿ," ಎಂದು ಮೂಲೆ ಹೊಲಿದು ಮುಚ್ಚಿದಳು. ಬೆರಳ ಗಂಟುಗಳು ಬಾತಿದ್ದವು. "ಹೆಂಗೈತಿ?"

"ಮಸ್ತ್ ಐತ್ರಿ."

ಮರುದಿನ ಕೋರ್ಟಿನ ಹೊರಗೆ ಭರಮಣ್ಣ ಕೈಚಾಚಿದರು. ತೆಗೆದರೆ ಖಾಕಿ ಕಿತ್ತವರು ಯಾರೆಂದು ಕೇಳುತ್ತಾರೆ. ಲಲಿತಾ ಕೌದಿಯಿದ್ದ ಚೀಲವನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿದಳು.

"ಸಿಗಲಿಲ್ರಿ ಸರ್."

"ಮನಿಯಾಗಿನ ಕೌದಿ ಎಲ್ಲಿ ಹೋಗತೈತ್ರಿ ಲಲಿತಮ್ಮ? ಅದಕ್ಕೇನು ಕೈಕಾಲ್ ಅದಾವಾ? ಇನ್ನ ನಾ ಒಳಗ ಹೋಗಿ ಏನ್ ತೋರಿಸ್ಲಿ, ನನ್ನ ಕೋಟು?"

ಮಧ್ಯಾಹ್ನದೊಳಗೆ ಆದೇಶ ಬಂತು: ಕೇಸು ಮುಗಿಯುವವರೆಗೆ ಹೊಂಡದ ಕೌದಿ ಮಾರುವಂತಿಲ್ಲ.

ಸಂಜೆ ಕಟ್ಟೆಯ ಮೇಲೆ ಹೆಂಗಸರೆಲ್ಲ ಕಾದಿದ್ದರು. ಮಾರಾಟ ನಿಂತದ್ದನ್ನು ಲಲಿತಾ ಹೇಳಿದಳು. ಸುಂಕಮ್ಮ ಕಂಪನಿಯವರ ವಂಶಕ್ಕೇ ಶಾಪ ಹಾಕಿದಳು. ಎಲ್ಲರೂ ಬೈದು ದಣಿದ ಮೇಲೆ ಜಂಬವ್ವ ಮೆಲ್ಲಗೆ ಕೇಳಿದಳು:

"ಹೊಲಿಗಿ ನೋಡಿ ಏನಂದ್ರು?"

ಖಾಕಿ ತುಂಡಿನ ಸುದ್ದಿ ಗಂಡನಿಗಾಗಲಿ, ಈ ಹೆಂಗಸರಿಗಾಗಲಿ, ಇನ್ನಾರಿಗೇ ಆಗಲಿ ಹೇಳುವುದಿಲ್ಲವೆಂದು ಲಲಿತಾ ಆಗಲೇ ನಿರ್ಧರಿಸಿದ್ದಳು.

"ಮುಟ್ಟಿ ಮುಟ್ಟಿ ನೋಡಿದ್ರು ಅತ್ತೀ."

ಜಂಬವ್ವ ಸೂಜಿ, ದಾರ ಮುಂದೆ ಹಿಡಿದಳು. "ಪೋಣಿಸಿ ಕೊಡವ್ವಾ, ನಂಗ ಕಾಣವಲ್ದು."

ಲಲಿತಾ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದಳು.